ಬರಿಗಾಲಿನ ಕಾಲ್ಚೆಂಡಾಟಗಾರ ಅಹ್ಮದ್ ಖಾನ್

ಬಂಟ್ವಾಳದ ಕಡೆಯ ನಮ್ಮ ಹಳ್ಳಿಯಲ್ಲಿ ಕೊಯ್ಲು ಮುಗಿದ ಗದ್ದೆಯೇ ನಮ್ಮ ಆಟದ ಬಯಲು. ಅಡಿಕೆ ಮರದ ತುಂಡುಗಳೆರಡನ್ನು ನೆಟ್ಟರೆ ಗೋಲು ಸಿದ್ಧ. ಪಾದರಕ್ಷೆಯ ಮಾತೇ ಇಲ್ಲ. ಸಂಜೆ ತಡವಾಗಿ ಮನೆಗೆ ಬಂದಾಗ ಅಪ್ಪಯ್ಯ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಚೆಂಡು ಒದ್ದರೆ ಅನ್ನ ಹುಟ್ಟುತ್ತದೆಯೋ?” ಶಾಲೆಯ ಭಾಗ್ಯವಿಲ್ಲದೆ ದುಡಿದು ಮಗನನ್ನು ಬಿ. ಎ. ತರಗತಿಯವರೆಗೆ ಓದಿಸಿದವರ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಅದಕ್ಕೆ ಉತ್ತರವನ್ನು ಹುಡುಕುವಾಗ ನನಗೆ ದೊರೆತುದು ನಮ್ಮ ನಾಡಿನವರೇ ಆದ ಅಹ್ಮದ್ ಖಾನರ ಜೀವನ.

ಅಹ್ಮದ್ ಖಾನರು 1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ಬ್ರಿಟಿಷ್ ಸೈನ್ಯವು ಬೀಡುಬಿಟ್ಟಿದ್ದ ಆ ನಗರದಲ್ಲಿ ಕಾಲ್ಚೆಂಡಾಟವು ಜನರ ಆಟವಾಗಿ ಬೆಳೆದಿತ್ತು. ಬಹುಕಾಲ ಸೈನಿಕ ತಂಡಗಳ ಪಾಲಾಗುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡವು ‘ಬೆಂಗಳೂರು ಮುಸ್ಲಿಮ್ಸ್’. ಖಾನರು ಆಡಿ ಬೆಳೆದುದು ಇದೇ ತಂಡದಲ್ಲಿ.

1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡವು ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು, ಖಾನರೂ ಅವರಲ್ಲೊಬ್ಬರು. ಬೆಂಗಳೂರಿನ ಎಸ್. ರಾಮನ್ ಒಂದು ಗೋಲು ಹೊಡೆದರು. ಆದರೆ ನಮಗೆ ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ 2–1ರಿಂದ ಗೆದ್ದಿತು.

ಮರುವರ್ಷ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ಆ ಕಾಲದಲ್ಲಿ ತಂಡದ ಮುಂದಿನ ಸಾಲಿನಲ್ಲಿ ಐವರು ಆಡುತ್ತಿದ್ದರು. ಬದಿಗಳ ಇಬ್ಬರು ಗೆರೆಯಂಚಿನಲ್ಲಿ ಓಡಿ ಚೆಂಡನ್ನು ನಡುವಿಗೆ ಕಳುಹಿಸಬೇಕು. ನಡುವಿನವನು ಗೋಲು ಹೊಡೆಯಬೇಕು. ಇವರನ್ನು ಹೆಣೆಯುವ ಹೊಣೆ ಒಳಗಿನ ಇಬ್ಬರದು. ಖಾನರದು ಎಡ ಒಳಗಿನ ಸ್ಥಾನ. ಚೆಂಡು ಅವರ ಬರಿಯ ಪಾದಕ್ಕೆ ಅಂಟಿದಂತೆ ಸಾಗುತ್ತಿತ್ತೆಂದು ಕಂಡವರು ಹೇಳಿದ್ದಾರೆ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹ್ಮದ್ ಖಾನ್—ದಕ್ಷಿಣ ಭಾರತದ ಈ ಐವರನ್ನು ವಂಗದ ಜನರು ‘ಪಂಚ ಪಾಂಡವ’ರೆಂದು ಕರೆದರು. 1949ರಲ್ಲಿ ಕ್ಲಬ್ಬು ಲೀಗ್, ಐ. ಎಫ್. ಎ. ಶೀಲ್ಡ್, ರೋವರ್ಸ್ ಮೂರನ್ನೂ ಗೆದ್ದಿತು. ಶೀಲ್ಡು 1950 ಮತ್ತು 1951ರಲ್ಲಿಯೂ ಅದರದೇ ಆಯಿತು.

1951ರಲ್ಲಿ ದೆಹಲಿಯ ಪ್ರಥಮ ಏಷ್ಯನ್ ಕ್ರೀಡೆಗಳಲ್ಲಿ ಇರಾನನ್ನು 1–0ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿ ಖಾನರಿದ್ದರು. ಆದರೆ ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯ ನಮ್ಮನ್ನು 10–1ರಿಂದ ಸದೆಬಡಿಯಿತು. ನಮ್ಮ ಆ ಒಂದೇ ಗೋಲು ಖಾನರದು. ಒಣ ನೆಲದಲ್ಲಿ ಚೆಂಡಿನ ಮೇಲೆ ಹಿಡಿತವೀಯುವ ಬರಿಗಾಲು, ತಣ್ಣಗಿನ ಒದ್ದೆ ಹುಲ್ಲಿನ ಮೇಲೆ ಬೂಟಿನವರೆದುರು ನಿಲ್ಲದು. ಈ ಸೋಲಿನ ಬಳಿಕ ಭಾರತದಲ್ಲಿ ಬೂಟು ಕಡ್ಡಾಯವಾಯಿತು. ಬರಿಗಾಲಿನಲ್ಲಿ ಹೆಸರಾದ ಖಾನರು ಬೂಟಿನ ಕಾಲದಲ್ಲಿಯೂ 1959ರವರೆಗೆ ಅದೇ ಕ್ಲಬ್ಬಿಗೆ ಆಡಿದರು. 2017ರ ಆಗಸ್ಟ್ 27ರಂದು, ತಮ್ಮ 90ನೆಯ ವಯಸ್ಸಿನಲ್ಲಿ, ಹುಟ್ಟಿದೂರಾದ ಬೆಂಗಳೂರಿನಲ್ಲಿಯೇ ತೀರಿಕೊಂಡರು.

ಹಾಗಾದರೆ ಚೆಂಡಿನಿಂದ ಅನ್ನ ಹುಟ್ಟಿತೆ? ಅಂದಿನ ಭಾರತದ ಆಟಗಾರರು ಹೆಸರಿಗೆ ಹವ್ಯಾಸಿಗಳು. ನೌಕರಿಯೋ ಕ್ಲಬ್ಬಿನ ಆಶ್ರಯವೋ ಅವರ ಆಧಾರ. ಇಂದು ಸಂಬಳದ ಕರಾರಿನ ಮೇಲೆ ಆಡುವ ವೃತ್ತಿಪರರಿದ್ದಾರೆ; 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್. ಸಿ. ತನ್ನ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಆದರೆ ಆ ಹಾದಿ ಹಿಡಿಯುವವನಿಗೆ ಎಳವೆಯಲ್ಲೇ ಬೂಟು, ಬಯಲು, ಗುರು, ಪಂದ್ಯಾಟಗಳು ಬೇಕು. ಖಾನರ ಪ್ರತಿಭೆ ಅವರದೇ. ಅದನ್ನು ಬೆಳೆಸಿದ ತಂಡ ಬೆಂಗಳೂರಿನದು, ಮೆರೆಸಿದ ಪ್ರೇಕ್ಷಕರು ಕಲ್ಕತ್ತೆಯವರು. ಬೆಳ್ತಂಗಡಿ, ಮೂಡಬಿದಿರೆಗಳ ಗದ್ದೆಗಳಲ್ಲಿ ಆಡುವ ಹುಡುಗನ ಬಳಿ ಮೊದಲನೆಯದು ಇರಬಹುದು; ಉಳಿದುದನ್ನು ಊರು ಒದಗಿಸಬೇಕು.

ಅಪ್ಪಯ್ಯನಿಗೆ ಇದನ್ನೆಲ್ಲ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನಗೆ ವಯಸ್ಸು ಮೀರಿತು. ತಮ್ಮನಿಗೆ ಬೂಟಿಗೆ ಎಷ್ಟಾದೀತು?” ಎಂದು ಕೇಳಿದರು.