ಕೋವಿಯ ನಳಿಕೆ ಸಿಡಿಯುವುದೇಕೆ?

ಮಲೆನಾಡಿನ ಹಾಗೂ ಕೊಡಗಿನ ಅನೇಕ ರೈತರು ಬೆಳೆ ರಕ್ಷಣೆಗಾಗಿ ಕೋವಿ ಇಟ್ಟುಕೊಂಡಿರುತ್ತಾರೆ. ವರ್ಷದ ಬಹುಭಾಗ ಅದು ಬಳಕೆಯಿಲ್ಲದೆ ಮೂಲೆಯಲ್ಲಿರುತ್ತದೆ. ಅಪಾಯದ ಬೀಜ ಮೊಳೆಯುವುದು ಈ ಅವಧಿಯಲ್ಲಿಯೇ.

ಒತ್ತಡ ಮತ್ತು ನಳಿಕೆ

12 ಬೋರ್ ಕೋವಿಯಲ್ಲಿ ತೋಟಾ ಹಾರಿದಾಗ ಉಂಟಾಗುವ ಅನಿಲದ ಒತ್ತಡವು ಟ್ರಾಕ್ಟರಿನ ಹಿಂದಿನ ಟೈರಿನ ಗಾಳಿಯ ಒತ್ತಡಕ್ಕಿಂತ ನೂರಾರು ಪಟ್ಟು ಹೆಚ್ಚು. ತೋಟಾ ಕೂರುವ ಕಡೆ ಒತ್ತಡ ಅತಿ ಹೆಚ್ಚಾಗಿರುವುದರಿಂದ ಅಲ್ಲಿ ಉಕ್ಕು ದಪ್ಪವಾಗಿರುತ್ತದೆ. ಮುಂದೆ ಹೋದಂತೆ ತೆಳುವಾಗುತ್ತದೆ. ನಳಿಕೆಯೊಳಗೆ ಮಣ್ಣು, ಚಿಂದಿ ಬಟ್ಟೆ ಅಥವಾ ಕಡಜದ ಮಣ್ಣುಗೂಡು ಅಡ್ಡವಿದ್ದರೆ ತೆಳುವಾದ ಭಾಗದಲ್ಲಿಯೇ ಒತ್ತಡ ಏರಿ ನಳಿಕೆ ಸೀಳುತ್ತದೆ. ಕೋವಿಯನ್ನು ಆನಿಸಿ ಹಿಡಿಯುವ ಎಡಗೈ ಇರುವುದು ಆ ಭಾಗದ ಸಮೀಪದಲ್ಲಿ.

ರಚನೆಯ ರಕ್ಷಣೆ ಎಷ್ಟು?

ಜರ್ಮನಿಯ ಪೌಲ್ ಮೌಸರ್ ರೂಪಿಸಿದ 1898ರ ರೈಫಲ್ಲಿನಲ್ಲಿ ಈ ಬಗ್ಗೆ ವಿಶೇಷ ಏರ್ಪಾಡುಗಳಿವೆ. ತೋಟಾ ಒಡೆದರೆ ಅನಿಲವು ಬೋಲ್ಟಿನ ಎರಡು ರಂಧ್ರಗಳ ಮೂಲಕ ಪಕ್ಕಕ್ಕೆ ಹರಿಯುತ್ತದೆ. ಹಿಂದಿರುವ ಅಗಲವಾದ ಅಂಚು ಕಣ್ಣಿಗೆ ಮರೆಯಾಗುತ್ತದೆ. ಮುಂದಿನ ಹಿಡಿತಗಳು ಮುರಿದರೂ ಬೋಲ್ಟನ್ನು ತಡೆಯಲು ಹಿಂದೆ ಮೂರನೆಯ ಹಿಡಿತವಿದೆ. ಆದರೆ ಇವೆಲ್ಲ ಹಿಂದಕ್ಕೆ ನುಗ್ಗುವ ಅನಿಲದಿಂದ ಮಾತ್ರ ಕಾಪಾಡುತ್ತವೆ. ನಳಿಕೆಯೇ ನಡುವೆ ಸೀಳಿದರೆ ಎಡಗೈಯನ್ನು ಇವು ಉಳಿಸಲಾರವು. ರೈತರ ಜೋಡುನಳಿಕೆ ಕೋವಿಯಲ್ಲಂತೂ ಇಂಥ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ.

ತೋಟಾಗಳ ಬೆರಕೆ

ಬೋರಿನ ಸಂಖ್ಯೆ ಹೆಚ್ಚಿದಂತೆ ನಳಿಕೆಯ ವ್ಯಾಸ ಕಿರಿದಾಗುತ್ತದೆ. 20 ಬೋರಿನ ತೋಟಾ 12 ಬೋರಿನ ಕೋವಿಯೊಳಗೆ ಜಾರಿ, ಮುಂದೆ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ 12 ಬೋರಿನ ತೋಟಾ ಸರಾಗವಾಗಿ ಕೂರುವುದರಿಂದ ತಪ್ಪು ತಿಳಿಯುವುದೇ ಇಲ್ಲ. ಅಮೆರಿಕದಲ್ಲಿ 20 ಬೋರಿನ ತೋಟಾಗಳಿಗೆ ಹಳದಿ ಬಣ್ಣ ಗೊತ್ತುಮಾಡಿರುವುದು ಇದಕ್ಕಾಗಿಯೇ.

ರೈತರು ಅನುಸರಿಸಬೇಕಾದ ಕ್ರಮಗಳು

1. ತೋಟಾ ತುಂಬುವ ಮುನ್ನ ಕೋವಿಯನ್ನು ಮಡಚಿ, ಖಾಲಿ ಇರುವುದನ್ನು ಖಚಿತಪಡಿಸಿಕೊಂಡು, ಹಿಂದಿನಿಂದ ನಳಿಕೆಯೊಳಗೆ ಬೆಳಕು ನೋಡಬೇಕು. ಕೈಲ್‌ಪೊಳ್ದ್ ಹಬ್ಬದಲ್ಲಿ ನಳಿಕೆಗೆ ಸಿಕ್ಕಿಸಿದ ತೋಕ್‌ಪೂವನ್ನು ತೆಗೆದ ಮೇಲೂ ಒಳಗೆ ತೊಟ್ಟು ಉಳಿದಿಲ್ಲವೆಂದು ನೋಡುವುದು ಅವಶ್ಯ.

2. ಎರಡು ಬೋರಿನ ತೋಟಾಗಳನ್ನು ಒಂದೇ ಚೀಲದಲ್ಲಿ ಇಡಬಾರದು.

3. ಸದ್ದು ಕುಗ್ಗಿ, ಭುಜಕ್ಕೆ ಒದೆತ ಕಡಿಮೆಯೆನಿಸಿದರೆ ಎರಡನೆಯ ಗುಂಡು ಹಾರಿಸಬಾರದು. ಮೊದಲನೆಯ ತೋಟಾದ ಬಿರಡೆ ಒಳಗೇ ಉಳಿದಿರಬಹುದು. ಕೋವಿ ಖಾಲಿ ಮಾಡಿ ಪರೀಕ್ಷಿಸಬೇಕು.

4. ಕೇಪಿನ ಕೋವಿಗೆ ಹೊಗೆರಹಿತ ಮದ್ದನ್ನು ಎಂದೂ ತುಂಬಬಾರದು. ಅದು ಕರಿಮದ್ದಿಗಾಗಿ ತಯಾರಾದುದು.

5. ಉಬ್ಬು, ಬಿರುಕು, ಆಳವಾದ ತುಕ್ಕು ಕಂಡ ಕೋವಿಯನ್ನು ಪರವಾನಗಿ ಹೊಂದಿದ ದುರಸ್ತಿಗಾರರಿಗೆ ತೋರಿಸುವವರೆಗೆ ಬಳಸಬಾರದು.

ನಳಿಕೆಯೊಳಗೆ ಬೆಳಕು ನೋಡಲು ಅರ್ಧ ನಿಮಿಷ ಸಾಕು. ಕಳೆದುಹೋದ ಬೆಳೆಯನ್ನು ಮುಂದಿನ ಹಂಗಾಮಿನಲ್ಲಿ ಪಡೆಯಬಹುದು. ಕಳೆದುಹೋದ ಕೈಯನ್ನು ಪಡೆಯಲಾಗದು.