ತುಕ್ಕಿಗೆ ವಾರಂಟಿ: ರಂಧ್ರವಾಗುವವರೆಗೆ ಕಾಯಬೇಕೆ?

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ನಾನು ಕೊಂಡಿದ್ದ ಹೊಸ ಕಾರಿಗೆ 2 ವರ್ಷ 10 ತಿಂಗಳು ತುಂಬಿದ್ದಾಗ, ಹಿಂಬಾಗಿಲಿನ ಕೆಳ ಅಂಚಿನಲ್ಲಿ ಬಣ್ಣವು ಸಾಸಿವೆ ಕಾಳಿನಷ್ಟು ಉಬ್ಬಿರುವುದು ಕಣ್ಣಿಗೆ ಬಿತ್ತು. ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡೆ. ಎಂಜಿನ್ ಆಯಿಲ್ ಬದಲಾಯಿಸಲು ಡೀಲರ್ ಬಳಿಗೆ ಹೋದಾಗ ಅದನ್ನು ತೋರಿಸಿದೆ. 'ಇದೇನೂ ದೊಡ್ಡದಲ್ಲ, ಮುಂದಿನ ಸಲ ನೋಡೋಣ' ಎಂದರು. ಆರು ತಿಂಗಳ ಬಳಿಕ ಆ ಗುಳ್ಳೆ ಕಡಲೆ ಕಾಳಿನಷ್ಟಾಗಿತ್ತು. ಈ ಸಲದ ಉತ್ತರವೇ ಬೇರೆ: ಬಣ್ಣದ ವಾರಂಟಿ 3 ವರ್ಷಕ್ಕೆ ಮುಗಿದಿದೆ, ತುಕ್ಕಿನ ವಾರಂಟಿ 5 ವರ್ಷ ಇದೆ, ಆದರೆ ತಗಡಿನಲ್ಲಿ ರಂಧ್ರವಾಗಿಲ್ಲ. ಒಂದು ಮುಗಿದಿತ್ತು, ಇನ್ನೊಂದು ಆರಂಭವೇ ಆಗಿರಲಿಲ್ಲ. ಈ ಎರಡರ ನಡುವಿನ ಕಂದಕದಲ್ಲಿ ಬಿದ್ದವನು ನಾನೊಬ್ಬನೇ ಅಲ್ಲವಾದ್ದರಿಂದ ಈ ಬರಹ.

ಮೊದಲು ತುಕ್ಕಿನ ವಿಚಾರ. ಕಾರಿನ ಮೇಲಿನ ಎಲ್ಲ ಬಣ್ಣದ ಪದರಗಳು ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಒಂದೆರಡು ಕೂದಲೆಳೆಯಷ್ಟು. ಅದು ಎಲ್ಲಾದರೂ ಬಿರಿದರೆ ನೀರು, ಆಮ್ಲಜನಕಗಳು ಉಕ್ಕನ್ನು ಮುಟ್ಟುತ್ತವೆ. ಚಳಿಗಾಲದಲ್ಲಿ ಮಂಜು ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ನೀರಿನ ವಿದ್ಯುತ್ ವಾಹಕತೆಯನ್ನು ಹೆಚ್ಚಿಸಿ ಈ ಕ್ರಿಯೆಯನ್ನು ತ್ವರಿತಗೊಳಿಸುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ ಬಣ್ಣವನ್ನು ಕೆಳಗಿನಿಂದ ಎತ್ತುತ್ತದೆ. ನಮಗೆ ಕಾಣುವ ಗುಳ್ಳೆ ಅದೇ.

ತುಕ್ಕು ಹುಟ್ಟುವ ದಾರಿ ಎರಡು. ಕಲ್ಲು ಸಿಡಿದು ಬಣ್ಣ ಕಿತ್ತ ಕಡೆ ಹೊರಗಿನಿಂದ ಒಳಕ್ಕೆ ಸಾಗುವುದು ಒಂದು. ಬಾಗಿಲಿನ ಅಂಚಿನಲ್ಲಿ ಒಂದು ತಗಡನ್ನು ಇನ್ನೊಂದರ ಮೇಲೆ ಮಡಚಿದ ಸಂದಿಯಲ್ಲಿ ತೇವ ನಿಂತು ಒಳಗಿನಿಂದ ಹೊರಕ್ಕೆ ಬರುವುದು ಇನ್ನೊಂದು. ಈ ವ್ಯತ್ಯಾಸವೇ ವಾರಂಟಿಯ ತಿರುಳು.

ವಾರಂಟಿ ಪುಸ್ತಕದಲ್ಲಿ ಸಾಮಾನ್ಯವಾಗಿ ಎರಡು ಭರವಸೆಗಳಿರುತ್ತವೆ. ಬಣ್ಣದ ದೋಷ ಹಾಗೂ ಮೇಲ್ಮೈಯ ತುಕ್ಕು ಮೂಲ ವಾರಂಟಿಯೊಳಗೆ ಬರುತ್ತವೆ. ಅಮೆರಿಕದಲ್ಲಿ ಅದು ಬಹಳಷ್ಟು ವಾಹನಗಳಿಗೆ 3 ವರ್ಷ ಅಥವಾ 36,000 ಮೈಲಿ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ. 'ಪರ್ಫೊರೇಷನ್' ವಾರಂಟಿಯು 5 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಇರುತ್ತದೆ. ಆದರೆ ಆ ಪದದ ಅರ್ಥ ತುಕ್ಕು ಎಂದಲ್ಲ. ತಗಡು ಒಳಗಿನಿಂದ ಸವೆದು ಆರುಪಾರು ತೂತಾಗುವುದು ಎಂದು. ಕಲ್ಲೇಟು, ಹಕ್ಕಿಯ ಹಿಕ್ಕೆ, ಆಲಿಕಲ್ಲು, ಉಪ್ಪು ಇವುಗಳ ಹಾನಿಯನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ.

ಹಾಗಾದರೆ ತೂತಾಗುವವರೆಗೆ ಸುಮ್ಮನಿರೋಣವೇ? ಅದೂ ಅಪಾಯವೇ. ಹಾನಿಯನ್ನು ಬೇಗ ಸರಿಪಡಿಸಿ, ವಾಹನದ ತಳವನ್ನು ತೊಳೆಯುತ್ತಿರಬೇಕೆಂದು ಅದೇ ಪುಸ್ತಕ ಮಾಲೀಕನಿಗೆ ಹೇಳಿರುತ್ತದೆ. ಕಾದು ಕುಳಿತವನ ಮೇಲೆ ನಿರ್ಲಕ್ಷ್ಯದ ಆರೋಪ ಬೀಳುತ್ತದೆ. ಉಗುರಿನಲ್ಲಿ ಹೋಗುವುದನ್ನು ಕೊಡಲಿಯವರೆಗೆ ಬಿಡಬಾರದು.

ಆದ್ದರಿಂದ ನಿಜವಾದ ಗಡುವು 5ನೆಯ ವರ್ಷವಲ್ಲ, 3ನೆಯ ವರ್ಷ. ಅದು ಮುಗಿಯುವ ಒಂದೆರಡು ತಿಂಗಳು ಮೊದಲು ಕಾರನ್ನು ತೊಳೆದು, ಬಾಗಿಲುಗಳ ಕೆಳ ಅಂಚು, ಎಂಜಿನ್ ಮುಚ್ಚಳದ ತುದಿ, ಚಕ್ರದ ಮೇಲಿನ ಕಮಾನು, ಹಿಂಬಾಗಿಲು ಇವುಗಳನ್ನು ಬೆರಳಿನಿಂದ ಸವರಿ ನೋಡಬೇಕು. ಗುಳ್ಳೆ ಕಂಡರೆ ಪಕ್ಕದಲ್ಲಿ ನಾಣ್ಯವಿಟ್ಟು ಚಿತ್ರ ತೆಗೆಯಬೇಕು. ಸುತ್ತ ಬಣ್ಣ ಕಿತ್ತಿಲ್ಲವೆಂದು ಸಮೀಪದ ಚಿತ್ರ ತೋರಿಸಿದರೆ ಕಲ್ಲೇಟಿನ ವಾದ ದುರ್ಬಲವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ದೂರು ಡೀಲರ್ ಬರೆದುಕೊಡುವ ಸರ್ವೀಸ್ ಚೀಟಿಯಲ್ಲಿ ದಿನಾಂಕ ಮತ್ತು ಮೈಲಿಗಳೊಂದಿಗೆ ದಾಖಲಾಗಬೇಕು. ನಾನು ಮಾಡಿದ ತಪ್ಪು ಇದೇ: ಮಾತಿನಲ್ಲಿ ಹೇಳಿದೆ, ಚೀಟಿಯಲ್ಲಿ ಬರೆಸಲಿಲ್ಲ.

ಡೀಲರ್ ಹೇಳಿದ್ದೇ ಕೊನೆಯ ಮಾತಲ್ಲ. ವಾರಂಟಿ ಕೊಟ್ಟವನು ತಯಾರಕ. ನಿರಾಕರಣೆಯನ್ನು, ಅದು ಆಧರಿಸಿದ ನಿಬಂಧನೆಯ ಸಮೇತ, ಬರಹದಲ್ಲಿ ಕೇಳಿ ತಯಾರಕರ ಗ್ರಾಹಕ ವಿಭಾಗಕ್ಕೆ ಕಳುಹಿಸಬೇಕು. 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯಿದೆಯಂತೆ ನಿಬಂಧನೆಗಳು ಸ್ಪಷ್ಟ ಭಾಷೆಯಲ್ಲಿರಬೇಕು. ಬೇರೆ ಗ್ಯಾರೇಜಿನಲ್ಲಿ ಆಯಿಲ್ ಬದಲಾಯಿಸಿದಿರಿ ಎಂಬಷ್ಟಕ್ಕೇ ವಾರಂಟಿಯನ್ನು ರದ್ದುಮಾಡುವಂತಿಲ್ಲ. ಕೆಲವು ತಯಾರಕರು ಮಧ್ಯಸ್ಥಿಕೆಯ ವ್ಯವಸ್ಥೆಯನ್ನೂ ಒಪ್ಪಿಕೊಂಡಿರುತ್ತಾರೆ. ಸಣ್ಣ ಮೊತ್ತದ ದಾವೆಗಳ ನ್ಯಾಯಾಲಯದ ದಾರಿಯೂ ಇದೆ. ಆದರೆ ತುಕ್ಕು ಚಾಸಿಯನ್ನೋ ಬ್ರೇಕಿನ ಕೊಳವೆಯನ್ನೋ ತಿಂದಿದ್ದರೆ ಅದು ಅಂದದ ಪ್ರಶ್ನೆಯಲ್ಲ. ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಸಂಸ್ಥೆಗೆ ದೂರು ಕೊಡಬೇಕು. ಅದೇ ಸಂಸ್ಥೆಯ ಜಾಲತಾಣದಲ್ಲಿ ತಯಾರಕರು ಡೀಲರುಗಳಿಗೆ ಕಳುಹಿಸುವ ತಾಂತ್ರಿಕ ಸೂಚನೆಗಳೂ ಸಿಗುತ್ತವೆ. ನಿಮ್ಮ ಮಾದರಿಯ ಅದೇ ಅಂಚಿನ ತುಕ್ಕಿನ ಬಗ್ಗೆ ಸೂಚನೆಯೊಂದು ಇದ್ದರೆ ನಿಮ್ಮ ವಾದಕ್ಕೆ ಅದಕ್ಕಿಂತ ಬಲವಾದ ಆಧಾರ ಬೇರಿಲ್ಲ.

ನನ್ನ ಪ್ರಕರಣದಲ್ಲಿ ಕೈಹಿಡಿದದ್ದು ಫೋನಿನ ಆ ಒಂದು ಚಿತ್ರ. ಅದರ ದಿನಾಂಕ ಮೂರು ವರ್ಷದ ಒಳಗಿತ್ತು. ಅದೇ ವಾರದ ಆಯಿಲ್ ಬದಲಾವಣೆಯ ರಸೀದಿಯೂ ಇತ್ತು. ಎರಡನ್ನೂ ಲಗತ್ತಿಸಿ ಬರೆದ ಪತ್ರಕ್ಕೆ ಎರಡನೆಯ ಸುತ್ತಿನಲ್ಲಿ ತಯಾರಕರು, ಹೊಣೆಯನ್ನು ಒಪ್ಪದೆ, ಸೌಹಾರ್ದದ ಹೆಸರಿನಲ್ಲಿ ಅರ್ಧ ವೆಚ್ಚ ಭರಿಸಲು ಒಪ್ಪಿದರು. ಉಳಿದರ್ಧವನ್ನು ನಾನು ತೆತ್ತೆ. ಮೊದಲ ದಿನ ಚೀಟಿಯಲ್ಲಿ ಒಂದು ಸಾಲು ಬರೆಸದೆ ಬಂದದ್ದರ ಬೆಲೆ ಅದು.