ಮಲೆನಾಡಿನ ಅನಾನಸ್: ರಫ್ತಿಗೆ ಯಾವ ದಾರಿ?

ಅನಾನಸ್ ಬೆಳೆಯುವ ಪ್ರಮುಖ ರಾಷ್ಟ್ರಗಳಲ್ಲಿ ಭಾರತವೂ ಒಂದು. ಆದರೆ ಬೆಳೆಯ ಬಹುಪಾಲು ದೇಶದೊಳಗೇ ಖರ್ಚಾಗುತ್ತದೆ. ನಮ್ಮ ಜಿಲ್ಲೆಯ ಸೊರಬ, ಸಾಗರ ತಾಲ್ಲೂಕುಗಳ ಹಣ್ಣು ಬಹುಮಟ್ಟಿಗೆ ಲಾರಿಗಳಲ್ಲಿ ಉತ್ತರ ಭಾರತದ ಮಾರುಕಟ್ಟೆಗಳಿಗೆ ಸಾಗುತ್ತದೆ. ಈ ಅವಲಂಬನೆಯ ಅಪಾಯ 2020ರ ಲಾಕ್‌ಡೌನ್ ಅವಧಿಯಲ್ಲಿ ಸ್ಪಷ್ಟವಾಯಿತು. ಸಾಗಣೆ ನಿಂತೊಡನೆ ಮಾಗಿದ ಹಣ್ಣು ತೋಟದಲ್ಲಿಯೇ ಉಳಿಯಿತು.

ಹಾಗೆಂದು ತಾಜಾ ಹಣ್ಣಿನ ರಫ್ತು ಸುಲಭವಲ್ಲ. ವಿಶ್ವದ ತಾಜಾ ಅನಾನಸ್ ಮಾರುಕಟ್ಟೆಯಲ್ಲಿ ಕೋಸ್ಟರಿಕಾ ಅಗ್ರಸ್ಥಾನದಲ್ಲಿದೆ. 1996ರಲ್ಲಿ ಡೆಲ್ ಮಾಂಟೆ ಸಂಸ್ಥೆ ಮಾರುಕಟ್ಟೆಗೆ ತಂದ ಎಂಡಿ-2 ತಳಿ ಒಂದೇ ಅಳತೆ, ಹೆಚ್ಚು ಸಿಹಿ ಹಾಗೂ ದೀರ್ಘ ಬಾಳಿಕೆಯಿಂದ ಗ್ರಾಹಕರ ಅಪೇಕ್ಷೆಯನ್ನೇ ಬದಲಿಸಿತು. ಅನಾನಸ್ ಕೊಯ್ಲಿನ ನಂತರ ಸಿಹಿಯಾಗುವ ಹಣ್ಣಲ್ಲ. ಬಲಿಯುವ ಮೊದಲೇ ಕೊಯ್ದರೆ ರುಚಿಯಿಲ್ಲ. ಪೂರ್ಣ ಮಾಗಿಸಿ ಕೊಯ್ದರೆ ಹಡಗಿನ ದೀರ್ಘ ಪಯಣವನ್ನು ತಾಳದು. ತೋಟದಿಂದ ಬಂದರಿನವರೆಗೆ ಶೀತಲ ಸಾಗಣೆಯಿಲ್ಲದೆ ಈ ಪೈಪೋಟಿಗೆ ಇಳಿಯುವುದು ವಿವೇಕವಲ್ಲ.

ನಮಗೆ ಹೆಚ್ಚು ಸೂಕ್ತವಾದುದು ಸಂಸ್ಕರಣೆ. ಮಲೆನಾಡಿನಲ್ಲಿ ಬೆಳೆಯುವ ಕ್ಯೂ ತಳಿಯ ಹಣ್ಣು ಗಾತ್ರದಲ್ಲಿ ದೊಡ್ಡದು, ರಸಭರಿತ; ಡಬ್ಬಿಗೆ ತುಂಬುವ ಬಿಲ್ಲೆ ಮತ್ತು ರಸ ತಯಾರಿಕೆಗೆ ಒಗ್ಗುವಂಥದು. ಥಾಯ್ಲೆಂಡ್ ಮತ್ತು ಫಿಲಿಪ್ಪೀನ್ಸ್ ದೇಶಗಳು ಡಬ್ಬಿ ಅನಾನಸ್‌ನಿಂದಲೇ ವಿಶ್ವ ಮಾರುಕಟ್ಟೆಯಲ್ಲಿ ಹೆಸರು ಗಳಿಸಿವೆ. 2020ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಯೋಜನೆಯ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಪಟ್ಟಿಯಲ್ಲಿ ಶಿವಮೊಗ್ಗಕ್ಕೆ ಗುರುತಿಸಿದ್ದೂ ಅನಾನಸ್ ಬೆಳೆಯನ್ನೇ.

ಇಲ್ಲಿ ಭದ್ರಾವತಿಯ ಪಾತ್ರ ಗಮನಾರ್ಹ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾದಂದಿನಿಂದ ಲೋಹದ ಕೆಲಸ ಬಲ್ಲ ಕುಶಲಕರ್ಮಿಗಳು ಅಲ್ಲಿ ಬೆಳೆದಿದ್ದಾರೆ. ಎರಕ ಹಾಗೂ ಯಂತ್ರಭಾಗಗಳ ತಯಾರಿಕೆ ಶಿವಮೊಗ್ಗದಲ್ಲಿಯೂ ಬೇರೂರಿದೆ. ಸಿಪ್ಪೆ ತೆಗೆಯುವ, ಬಿಲ್ಲೆ ಕತ್ತರಿಸುವ ಯಂತ್ರಗಳು, ರಸ ಕಾಯಿಸುವ ಸ್ಟೇನ್‌ಲೆಸ್ ಸ್ಟೀಲ್ ತೊಟ್ಟಿಗಳು ನಮ್ಮ ಕಾರ್ಯಾಗಾರಗಳ ಶಕ್ತಿಗೆ ಮೀರಿದವಲ್ಲ.

ರಫ್ತು ಬಯಸುವವರು ಆಮದು-ರಫ್ತು ಸಂಕೇತ ಸಂಖ್ಯೆ, ಅಪೆಡಾ ನೋಂದಣಿ ಮತ್ತು ಆಹಾರ ಸುರಕ್ಷತಾ ಪರವಾನಗಿಗಳನ್ನು ಮೊದಲು ಪಡೆಯಬೇಕು. ವಿದೇಶಿ ಖರೀದಿದಾರ ವರ್ಷವಿಡೀ ಒಂದೇ ಗುಣಮಟ್ಟದ ಸರಕನ್ನು ಬಯಸುತ್ತಾನೆ. ಒಂದು ಸಣ್ಣ ಘಟಕಕ್ಕೆ ಇದು ಕಷ್ಟಸಾಧ್ಯ. ಹೂ ಬರಿಸುವ ಔಷಧಿಯನ್ನು ತಾಕಿನಿಂದ ತಾಕಿಗೆ ಹಂತಹಂತವಾಗಿ ಬಳಸಿ ಬೆಳೆಗಾರರು ಕೊಯ್ಲನ್ನು ಹಂಚಿಕೊಂಡರೆ, ಹಲವು ಘಟಕಗಳು ಸೇರಿ ಒಂದೇ ಮಾನದಂಡಕ್ಕೆ ಬದ್ಧವಾದರೆ, ಕಂಟೇನರ್ ತುಂಬುವುದು ಸಾಧ್ಯ. ದರ ಕುಸಿದ ದಿನ ಹಣ್ಣನ್ನು ಸಿಕ್ಕ ಬೆಲೆಗೆ ಮಾರುವ ಬದಲು ಕಾಯ್ದಿಟ್ಟು ಮಾರುವ ಶಕ್ತಿ ಆಗ ಜಿಲ್ಲೆಗೇ ದೊರೆಯುತ್ತದೆ. ಬೆಳೆಗಾರರು, ವರ್ತಕರು ಮತ್ತು ಯಂತ್ರೋದ್ಯಮಿಗಳು ಒಂದೆಡೆ ಕುಳಿತು ಚರ್ಚಿಸುವುದು ಇದರ ಮೊದಲ ಹೆಜ್ಜೆ.